ಗ್ರೇಟ್ ಲೇಕ್ಸ್ ಹಡಗಿಗೆ ಆ ರೂಪ ಕೊಟ್ಟದ್ದು ನೀರೋ, ದಡವೋ?

ಹಡಗುಹುಚ್ಚು: ಅಮೆರಿಕ-ಕೆನಡಾ ಗಡಿಯ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ಅದಿರು ಹಡಗುಗಳ ಮಾತು ಬಂದರೆ ಎಲ್ಲರೂ ನೇರ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ಮುಳುಗಿದ ಕಥೆಗೇ ಹೋಗುತ್ತಾರೆ. ನನ್ನ ಪ್ರಕಾರ ಅಸಲಿ ಚರಿತ್ರೆ ಇರುವುದು ದಡದಲ್ಲಿ. 1869ರ ಆರ್.ಜೆ. ಹ್ಯಾಕೆಟ್ ಹಡಗನ್ನೇ ನೋಡಿ. ಚುಕ್ಕಾಣಿ ಕೋಣೆ ಮುಂದೆ, ಎಂಜಿನ್ ಹಿಂದೆ, ನಡುವೆ ಪೂರ್ತಿ ಸರಕು. ಸರಕು ತುಂಬುವ ಮೇಲಿನ ಬಾಗಿಲುಗಳು 24 ಅಡಿಗೊಂದು. ಯಾಕಂದ್ರೆ ಮಾರ್ಕ್ವೆಟ್ ಬಂದರಿನಲ್ಲಿ ಅದಿರು ಸುರಿಯುವ ಕೊಳವೆಗಳು 12 ಅಡಿಗೊಂದು ಇದ್ದವು, ಒಂದು ಬಿಟ್ಟು ಒಂದಕ್ಕೆ ಬಾಗಿಲು ಹೊಂದಬೇಕಿತ್ತು. ಹಡಗುಗಳ ಉದ್ದ-ಅಗಲಕ್ಕೆ ಮಿತಿ ಹಾಕಿದ್ದು 1855ರಲ್ಲಿ ತೆರೆದ ಸೂ ಲಾಕ್ಸ್, ಅಂದರೆ ಸುಪೀರಿಯರ್ ಸರೋವರಕ್ಕೆ ಹಡಗುಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆಗಳು.

ನವೆಂಬರ್‌ಗಾಳಿ: ದಡ ದಡ ಅಂತೀರಲ್ಲ, ನೀರಲ್ಲಿ ಸತ್ತವರ ಕಥೆ? 1913ರ ನವೆಂಬರ್ ಬಿರುಗಾಳಿಯಲ್ಲಿ 250ಕ್ಕೂ ಜಾಸ್ತಿ ಜನ ಹೋದರು. 1975ರ ನವೆಂಬರ್ 10ರಂದು ಫಿಟ್ಜ್‌ಜೆರಾಲ್ಡ್ ಜೊತೆ 29 ಜನ, ಒಬ್ಬರ ದೇಹವನ್ನೂ ಮೇಲಕ್ಕೆ ತರಲಿಲ್ಲ. ಆ ಮನೆಯವರಿಗೆ ಇದು ಕೊಳವೆ ಲೆಕ್ಕ ಅಲ್ಲ.

ಹಡಗುಹುಚ್ಚು: ಖಂಡಿತ ಅಲ್ಲ. ಆದರೆ ಅಮೆರಿಕದ ಕೋಸ್ಟ್ ಗಾರ್ಡ್ ವರದಿ ಬೊಟ್ಟು ಮಾಡಿದ್ದು ಯಾವುದಕ್ಕೆ? ಸರಿಯಾಗಿ ಬಿಗಿಯಾಗದ ಆ ಬಾಗಿಲುಗಳಿಗೇ. ಒಂದೇ ಹಡಗಿಗೆ 21 ಬಾಗಿಲು! ಬೇಗ ತುಂಬಿಸಲಿ ಅಂತ ಇಟ್ಟದ್ದು.

ನವೆಂಬರ್‌ಗಾಳಿ: ಹಡಗು ಕಂಪನಿಗಳ ಸಂಘ ಅದನ್ನು ಒಪ್ಪಲೇ ಇಲ್ಲ ಸರ್. ಕ್ಯಾರಿಬೂ ದ್ವೀಪದ ಹತ್ತಿರ ತಳ ಬಂಡೆಗೆ ಉಜ್ಜಿತು ಅಂತ ಅವರ ವಾದ. ಇವತ್ತಿಗೂ ಇತ್ಯರ್ಥ ಆಗಿಲ್ಲ, ಅದನ್ನು ನಿಮ್ಮ ವಾದಕ್ಕೆ ಸಾಕ್ಷಿ ಮಾಡಬೇಡಿ.

ಗೋಧಿಕಾಳು: ಇಬ್ಬರೂ ಧಾನ್ಯವನ್ನು ಮರೆತಿದ್ದೀರಿ. ಅಮೆರಿಕದ ಬಫಲೋ ಬಂದರಿನಲ್ಲಿ ಐರಿಷ್ ಕೂಲಿಗಳು ಗೋಧಿಯನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. 1842ರಲ್ಲಿ ಜೋಸೆಫ್ ಡಾರ್ಟ್ ಉಗಿಯಿಂದ ಓಡುವ ಬಕೆಟ್ ಸರಪಳಿಯಿಂದ ಕಾಳು ಮೇಲೆತ್ತುವ ಎಲಿವೇಟರ್ ಕಟ್ಟಿಸಿದ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. 1959ರಲ್ಲಿ ಸರೋವರಗಳನ್ನು ಅಟ್ಲಾಂಟಿಕ್‌ಗೆ ಸೇರಿಸುವ ಜಲಮಾರ್ಗ ಸೇಂಟ್ ಲಾರೆನ್ಸ್ ಸೀವೇ ತೆರೆದ ಮೇಲಂತೂ ಕೆನಡಾದ ಹಡಗುಗಳು ಥಂಡರ್ ಬೇಯಿಂದ ಗೋಧಿ ಹೊತ್ತು ಕೆಳಗೆ ಹೋಗಿ, ಬರುವಾಗ ಲ್ಯಾಬ್ರಡಾರ್ ಅದಿರು ತುಂಬಿಕೊಂಡು ಬರುತ್ತಿದ್ದವು. ಖಾಲಿ ಬರುವ ನಷ್ಟ ತಪ್ಪಿತು.

ಹಡಗುಹುಚ್ಚು: ಒಳ್ಳೆಯ ಮಾತು. ಅದಿರಿಗೆ ಅಂಥದ್ದು ಬಂದದ್ದು 1899ರಲ್ಲಿ, ಓಹಿಯೋದ ಕಾನಿಯಟ್ ಬಂದರಿನಲ್ಲಿ, ಹಡಗಿನಿಂದ ಅದಿರು ಇಳಿಸುವ ಹ್ಯೂಲೆಟ್ ಯಂತ್ರ. ಅದನ್ನು ಓಡಿಸುವವನು ಬಕೆಟ್‌ನ ಸ್ವಲ್ಪ ಮೇಲೆ, ಬಕೆಟ್ ಹಿಡಿದ ಯಂತ್ರದ ಕಾಲಿನೊಳಗೇ ಕೂತು, ಪ್ರತಿ ಸಲ ಬಕೆಟ್ ಜೊತೆ ಹಡಗಿನ ಹೊಟ್ಟೆಗೆ ಇಳಿದು ಮೇಲೆ ಬರುತ್ತಿದ್ದ. ದೊಡ್ಡ ಬಕೆಟ್ ಆದರೆ ಒಂದು ಸಲಕ್ಕೆ 17 ಟನ್.

ಗಣಿಧೂಳು: ಸಲಿಕೆ ಹಿಡಿದವರ ಕೆಲಸ ಹೋದದ್ದನ್ನೂ ಬರೆಯಿರಿ ಸರ್. ಹ್ಯೂಲೆಟ್‌ಗೂ ಅದೇ ಗತಿ ಬಂತು. ಒಳ್ಳೆಯ ಅದಿರು ಕರಗುತ್ತಾ ಬಂದಾಗ ಮಿನ್ನೆಸೋಟಾದಲ್ಲಿ ಟ್ಯಾಕೊನೈಟ್ ಎಂಬ ಕಡಿಮೆ ಕಬ್ಬಿಣದ ಕಲ್ಲನ್ನು ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ಉಂಡೆ ಕಟ್ಟಿ ಸುಡತೊಡಗಿದರು. ನಮ್ಮ ಕುದುರೆಮುಖದ್ದೂ ಕಡಿಮೆ ದರ್ಜೆಯ ಮ್ಯಾಗ್ನಟೈಟ್ ಅದಿರೇ. ಪುಡಿ ಮಾಡಿ ನೀರಲ್ಲಿ ಕಲಸಿ 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು, ಅಲ್ಲೇ ಉಂಡೆ. ಹಸಿ ಅದಿರು ಅಂಟಿಕೊಳ್ಳುತ್ತೆ, ಉಂಡೆ ಉರುಳುತ್ತೆ. ಹಾಗಾಗಿ ಹಡಗಿನ ತಳದಲ್ಲೇ ಬೆಲ್ಟ್ ಹಾಕಿ ತಾನೇ ಇಳಿಸಿಕೊಳ್ಳುವ ಹಡಗು ಅದಿರಿಗೂ ಸಲೀಸಾಯಿತು. 1972ರ ಸ್ಟೀವರ್ಟ್ ಜೆ. ಕಾರ್ಟ್ ಸಾವಿರ ಅಡಿ ಉದ್ದ. ಸೂನಲ್ಲಿ 1,200 ಅಡಿಯ ಹೊಸ ಪೋ ಲಾಕ್ 1969ರಲ್ಲೇ ಬಂದಿತ್ತು.

ನವೆಂಬರ್‌ಗಾಳಿ: ಲಾಕ್ ವಿಷಯ ಒಪ್ಪಿದೆ. ಆದರೂ ಸಿಹಿನೀರಿನ ಪಾಲನ್ನು ಕಡಿಮೆ ಮಾಡಬೇಡಿ. ಉಪ್ಪಿಲ್ಲದ್ದಕ್ಕೇ ತುಕ್ಕು ನಿಧಾನ. 1906ರ ಸೇಂಟ್ ಮೇರಿಸ್ ಚಾಲೆಂಜರ್ 2013ರ ತನಕ ಸ್ವಂತ ಎಂಜಿನ್‌ನಲ್ಲೇ ಓಡಿತು. ಅಷ್ಟು ಆಯಸ್ಸು ಕೊಟ್ಟದ್ದು ದಡ ಅಲ್ಲ.