ಸಂಘದ ಡಿಸ್ಟಿಲರ್ ತಳಕ್ಕೆ ಮತ್ತೆ ಸುಣ್ಣ ಕಟ್ಟಿದೆ, ಏನು ಮಾಡೋಣ?

ಮನೆ 14: ಇನ್ವರ್ಟರ್ ಬ್ಯಾಟರಿ ನೀರಿಗೆ ಇಟ್ಟಿರೋ ನಾಲ್ಕು ಲೀಟರ್ ಡಿಸ್ಟಿಲರ್ ತಳ ಬೆಳ್ಳಗಾಗಿದೆ, ಉಗುರಲ್ಲಿ ಕೆರೆದರೆ ಮೊಟ್ಟೆ ಚಿಪ್ಪಿನ ಹಾಗೆ ಹಕ್ಕಳೆ ಏಳುತ್ತೆ. ನಮ್ಮ ಬೋರ್ ನೀರಿನ ವರದಿಯಲ್ಲಿ ಒಟ್ಟು ಗಡಸುತನ ಲೀಟರಿಗೆ 500 ಮಿ.ಗ್ರಾಂ, ಕ್ಷಾರತೆ (ಬೈಕಾರ್ಬೊನೇಟ್ ಅಂಶ) 300. ಕುದಿಸಿದರೆ ತಳಕ್ಕೆ ಇಳಿಯೋ ತಾತ್ಕಾಲಿಕ ಗಡಸು 300, ಕುದಿಸಿದರೂ ಇಳಿಯದ ಶಾಶ್ವತ ಗಡಸು 200. ಒಂದು ಸಲ ತುಂಬಿಸಿದರೆ ತಾತ್ಕಾಲಿಕದ್ದೇ 1.2 ಗ್ರಾಂ ಸುಣ್ಣ ಬೀಳುತ್ತೆ.

ಮನೆ 31: ನಮ್ಮನೆ ಉಪ್ಪಿನ ಸಾಫ್ಟನರ್ ನೀರು ಕೊಡಲಾ?

ಮನೆ 9: ಸುಣ್ಣ ಕಟ್ಟಲ್ಲ ಮೇಡಂ, ಆದರೆ ನೊರೆ ಬರುತ್ತೆ. ಸಾಫ್ಟನರ್ ಒಳಗಿನ ರೆಸಿನ್ ಮಣಿಗಳು ಗಡಸಿಗೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಸೋಡಿಯಂ ಬಿಡುತ್ತವೆ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಪ್ರಮಾಣ) ಇಳಿಯಲ್ಲ. ಕುದಿಯುವಾಗ ಸೋಡಿಯಂ ಬೈಕಾರ್ಬೊನೇಟ್ ಒಡೆದು ಅನಿಲ ಏಳುತ್ತೆ, ನೊರೆಯ ಹನಿಗಳು ಆವಿ ಜೊತೆ ಕೊಳವೆಗೆ ಹಾರುತ್ತವೆ. ಮುಕ್ಕಾಲು ಮಾತ್ರ ತುಂಬಿಸಿ, ತಳದಲ್ಲಿ ಅರ್ಧ ಲೀಟರ್ ಉಳಿದಾಗಲೇ ಆಫ್ ಮಾಡಿ ಚೆಲ್ಲಿ. ಬಂದ ನೀರಿನ ಟಿಡಿಎಸ್ 5 ದಾಟಿದರೆ ಬ್ಯಾಟರಿಗೆ ಬೇಡ. ಸಾಫ್ಟನರ್ ನೀರನ್ನ ನೇರವಾಗಿ ಬ್ಯಾಟರಿಗೆ ಹಾಕಲೇಬೇಡಿ, ಕ್ಲೋರೈಡ್ ಪ್ಲೇಟ್‌ಗಳನ್ನ ತಿನ್ನುತ್ತೆ.

ಮನೆ 22: ಸಾಫ್ಟನರ್ ಇಲ್ಲದವರಿಗೆ ಸುಣ್ಣ, ವಾಷಿಂಗ್ ಸೋಡಾ ಸಾಕು, ಗಡಸು ಡಿಸ್ಟಿಲರ್‌ಗೆ ಹೋಗೋ ಮೊದಲೇ ಬಕೆಟ್ ತಳಕ್ಕೆ ಇಳಿಯುತ್ತೆ. 20 ಲೀಟರ್ ಬಕೆಟ್‌ಗೆ ಲೆಕ್ಕ: ತಾತ್ಕಾಲಿಕ ಗಡಸು ಪೂರ್ತಿ ಕ್ಯಾಲ್ಸಿಯಂದೇ ಆಗಿದ್ದರೆ ಅರಳಿದ ಸುಣ್ಣದ ಪುಡಿ 4.4 ಗ್ರಾಂ, ಮೆಗ್ನೀಸಿಯಂ ಇದ್ದರೆ ಅದರ ಪಾಲಿಗೆ ಎರಡರಷ್ಟು. ಶಾಶ್ವತಕ್ಕೆ ನೀರಿಲ್ಲದ ವಾಷಿಂಗ್ ಸೋಡಾ 4.2 ಗ್ರಾಂ, ಹರಳಾದರೆ 11.4, ಯಾಕೆಂದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅಡುಗೆ ಸೋಡಾ ಬೇರೆ, ಅದನ್ನ ಹಾಕಬೇಡಿ. ಎಲೆಗೆ ಹಚ್ಚೋ ಸುಣ್ಣವೂ ಬೇಡ, ನೀರು ಕಲೆಸಿರೋದ್ರಿಂದ ತೂಕ ಸಿಗಲ್ಲ. ಡಬ್ಬಿ ತೆರೆದಿಟ್ಟ ಹಳೇ ಸುಣ್ಣ ಗಾಳಿ ಕುಡಿದು ಕಾರ್ಬೊನೇಟ್ ಆಗಿರುತ್ತೆ, ಕೆಲಸ ಮಾಡಲ್ಲ.

ಮೊದಲು ಸುಣ್ಣ ಹಾಕಿ ಐದು ನಿಮಿಷ ಕಲಕಿ, ಆಮೇಲೆ ಸೋಡಾ ಹಾಕಿ ಹತ್ತು ನಿಮಿಷ ನಿಧಾನಕ್ಕೆ. ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಕೆಳಗಿನ ಎರಡು ಇಂಚು ಬಿಟ್ಟು ಮೇಲಿನ ತಿಳಿಯನ್ನ ಪೈಪಲ್ಲಿ ಎಳೆದು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಸುಣ್ಣ ಜಾಸ್ತಿಯಾದರೆ ಅದೇ ಡಿಸ್ಟಿಲರ್‌ನಲ್ಲಿ ಕೂರುತ್ತೆ. ಈ ನೀರು ಕುಡಿಯೋಕಲ್ಲ.

ಮನೆ 31: ಮೊದಲೇ ಕುದಿಸಿ ಸೋಸಿದರೆ?

ಮನೆ 22: ತಾತ್ಕಾಲಿಕ ಹೋಗುತ್ತೆ, ಶಾಶ್ವತ ಉಳಿಯುತ್ತೆ, ಗ್ಯಾಸ್ ಎರಡು ಸಲ ಖರ್ಚು.

ಮನೆ 9: ಆರ್‌ಒ ಇರೋರು ಅದರ ನೀರನ್ನೇ ತಂದರೆ ಇಷ್ಟೆಲ್ಲ ಬೇಡ. ಮಳೆಗಾಲದಲ್ಲಿ ಮೊದಲ ಮಳೆ ಹೋಗಲು ಬಿಟ್ಟು ತಾರಸಿ ನೀರು ಹಿಡಿಯಿರಿ, ಅದರಲ್ಲಿ ಗಡಸೇ ಇರಲ್ಲ ಅನ್ನಬಹುದು. ಬೋರ್ ನೀರನ್ನ ಡಿಸ್ಟಿಲ್ ಮಾಡೋದು ಕೊನೆಯ ದಾರಿಯಾಗಿರಲಿ.

ಮನೆ 14: ಸರಿ ಸಾರ್. ಈಗ ಕಟ್ಟಿರೋದನ್ನ ತೆಗೆಯೋದು ಹೇಗೆ?

ಮನೆ 9: ಲೀಟರ್ ನೀರಿಗೆ 30 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಬೆಚ್ಚಗಿಟ್ಟು ಅರ್ಧ ಗಂಟೆ ಬಿಡಿ. ಕುದಿಸಬೇಡಿ, ಕ್ಯಾಲ್ಸಿಯಂ ಸಿಟ್ರೇಟ್ ಬಿಳಿ ಗಸಿಯಾಗಿ ಕೂರುತ್ತೆ. ಗುಳ್ಳೆ ಬರದೆ ಪದರ ಹಾಗೇ ಇದ್ದರೆ ಅದು ಬಹುಶಃ ಸಲ್ಫೇಟ್, ನಿಂಬೆ ಉಪ್ಪಿಗೆ ಬಗ್ಗಲ್ಲ. ಮರದ ಚಮಚದಲ್ಲಿ ಮೆಲ್ಲಗೆ ಎಬ್ಬಿಸಿ.

ಮನೆ 14: ಭಾನುವಾರ 8ಕ್ಕೆ ಸಂಘದ ಕೋಣೆ. 22 ಸುಣ್ಣ, ಗ್ರಾಂ ತಕ್ಕಡಿ. 9 ಟಿಡಿಎಸ್ ಮೀಟರ್. 31 ಐದು ಲೀಟರ್ ಆರ್‌ಒ ನೀರು. ಶನಿವಾರ ರಾತ್ರಿ ಬೋರ್ ನೀರಿನ ಬಕೆಟ್ ನಾನು ತುಂಬಿಸಿಡ್ತೀನಿ.