ಸಂಸದರ ಅವಧಿಗೆ ಮಿತಿ: ಸಹಿ ಹಾಕಲೋ ಬೇಡವೋ?

ಪ್ರಶ್ನೆ, ಸ್ಯಾನ್ ಹೋಸೆಯಿಂದ: ಅಮೆರಿಕದ ಪೌರತ್ವ ಸಿಕ್ಕಿ ಇನ್ನೂ ವರ್ಷ ಆಗಿಲ್ಲ. ಇಲ್ಲಿನ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಒಬ್ಬರೇ ಮತ್ತೆ ಮತ್ತೆ ಆರಿಸಿ ಹೋಗಬಾರದು, ಮಿತಿ ಬೇಕು ಅಂತ ಒಂದು ಮನವಿಗೆ ಸಹಿ ಕೇಳಿಕೊಂಡು ಮನೆಗೆ ಬಂದಿದ್ದರು. ಕೇಳಲು ಚೆನ್ನಾಗಿಯೇ ಇದೆ. ಇಂಥ ನಿಯಮ ನೋಡಿದವರು ಏನಂತೀರಿ?

ಸ್ಯಾಕ್ರಮೆಂಟೊ: ಸಹಿ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಕಾಂಗ್ರೆಸ್ ಸದಸ್ಯರಿಗೆ ರಾಜ್ಯಗಳು ತಾವೇ ಮಿತಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸಂವಿಧಾನ ತಿದ್ದಬೇಕು, ಅದಕ್ಕೆ 38 ರಾಜ್ಯಗಳು ಒಪ್ಪಬೇಕು. ಆದರೆ ನಮ್ಮ ರಾಜ್ಯ ಕ್ಯಾಲಿಫೋರ್ನಿಯಾದ ಶಾಸಕರಿಗೆ 1990ರಲ್ಲಿ ಜನರೇ ಮತ ಹಾಕಿ ಮಿತಿ ತಂದರು: ರಾಜ್ಯದ ಕೆಳಮನೆ ಅಸೆಂಬ್ಲಿಯಲ್ಲಿ 6 ವರ್ಷ, ಮೇಲ್ಮನೆ ಸೆನೆಟ್‌ನಲ್ಲಿ 8. ಆ ಕಾಲದಲ್ಲಿ ನಾನು ಬಜೆಟ್ ಕೆಲಸದಲ್ಲಿದ್ದೆ. ಹೊಸಬರಿಗೆ ಬಜೆಟ್ ತಲೆಗೆ ಹತ್ತುವಷ್ಟರಲ್ಲಿ ಮುಂದಿನ ಕುರ್ಚಿ ಹುಡುಕುವ ಹೊತ್ತು ಬರುತ್ತಿತ್ತು. ಹಳೇ ಕಡತಗಳಲ್ಲಿ ಏನಿದೆ ಅಂತ ಗೊತ್ತಿದ್ದದ್ದು ನಮ್ಮಂಥ ನೌಕರರಿಗೆ ಮತ್ತು ಲಾಬಿಯವರಿಗೆ. ನಮಗೆ ಯಾರೂ ಓಟು ಹಾಕಿರಲಿಲ್ಲ, ಅಲ್ವಾ? 2012ರಲ್ಲಿ ಜನರೇ ಅದನ್ನು ಬದಲಿಸಿದರು. ಈಗ ಒಟ್ಟು 12 ವರ್ಷ, ಅಷ್ಟನ್ನೂ ಒಂದೇ ಸದನದಲ್ಲಿ ಕಳೆಯಬಹುದು. ಇದು ವಾಸಿ.

ಮನಿಲಾ: ಇಲ್ಲಿ ಫಿಲಿಪೀನ್ಸ್‌ನಲ್ಲಿ 1987ರ ಸಂವಿಧಾನದಲ್ಲೇ ಮಿತಿ ಇದೆ. ಕೆಳಮನೆಗೆ 3 ವರ್ಷದ ಅವಧಿ, ಸತತ ಮೂರು ಸಲ ಮಾತ್ರ. ಒಂದು ಅವಧಿ ಬಿಟ್ಟರೆ ಮತ್ತೆ ನಿಲ್ಲಬಹುದು. ಹಾಗಾಗಿ ಗಂಡ ಇಳಿದರೆ ಹೆಂಡತಿ, ಆಮೇಲೆ ಪುನಃ ಗಂಡ! ಕುಟುಂಬ ರಾಜಕಾರಣ ತಡೆಯುವ ಕಾನೂನು ತನ್ನಿ ಅಂತಲೂ ಅದೇ ಸಂವಿಧಾನ ಹೇಳುತ್ತದೆ. ಸಂಸದರಿಗೆ ತಟ್ಟುವಂಥ ಕಾನೂನು ಮೂವತ್ತು ವರ್ಷ ಕಳೆದರೂ ಬರಲಿಲ್ಲ.

ಕೋಲಾರ: ನಮ್ಮಲ್ಲಿ ಮಿತಿ ಗಿತಿ ಇಲ್ಲ. ಕೆ.ಎಚ್. ಮುನಿಯಪ್ಪ 1991ರಿಂದ ಸತತ 7 ಸಲ ಗೆದ್ದರು, 2019ರಲ್ಲಿ ಜನ ಸೋಲಿಸಿದರು. ಸಾಕಲ್ವಾ? ಅದೇ ವರ್ಷ ಕಲಬುರಗಿಯಲ್ಲಿ ಖರ್ಗೆಯವರೂ ಸೋತರು. ಮರುವರ್ಷವೇ ರಾಜ್ಯಸಭೆಗೆ ಹೋದರು, ಅದು ಬೇರೆ ಮಾತು. ನನಗೆ ಭಯ ಇರುವುದು ಅವಧಿ ಹಿಗ್ಗಿಸುವವರ ಬಗ್ಗೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಲೋಕಸಭೆಯ 5 ವರ್ಷವನ್ನು 6 ಮಾಡಿಕೊಂಡದ್ದು ಒಳಗೆ ಕೂತವರೇ. 1978ರ 44ನೇ ತಿದ್ದುಪಡಿ ಬಂದಮೇಲೆ ಮತ್ತೆ 5 ಆಯಿತು.

ಸ್ಯಾಕ್ರಮೆಂಟೊ, ಮತ್ತೊಮ್ಮೆ: ಮನಿಲಾದವರ ಮಾತು ಓದಿ ಹೇಳುತ್ತಿದ್ದೇನೆ. ಸುಮ್ನೆ ಸಹಿ ಹಾಕಬೇಡಿ, ಒಕ್ಕಣೆ ಓದಿ. ಬಿಟ್ಟು ಬಿಟ್ಟು ನಿಲ್ಲಬಹುದಾ? ಒಟ್ಟು ಎಷ್ಟು ವರ್ಷ? ಇಲ್ಲಿನ ಕೆಳಮನೆಯ ಅವಧಿ 2 ವರ್ಷ. ಮೂರೇ ಸಲ ಅಂತಿದ್ದರೆ ಬರೀ 6 ವರ್ಷ, ನಮ್ಮ ರಾಜ್ಯ ಕೈಬಿಟ್ಟ ಲೆಕ್ಕವೇ ಅದು. ಹಾಗಿದ್ದರೆ ನಾನಂತೂ ಹಾಕುವುದಿಲ್ಲ. 12 ವರ್ಷ ಅಂತಿದ್ದರೆ ಹಾಕುತ್ತೇನೆ.