ವಿಕಿಯನ್ನು ಐಡೆಂಟಿಟಿ ಗವರ್ನೆನ್ಸ್‌ಗೆ ಜೋಡಿಸುವಾಗ ಗ್ರೂಪ್ ಬದಲಿಸುವ ಹಕ್ಕು ಯಾರಿಗಿರಬೇಕು?

ಕೀಲಿಕೈ (ಪ್ರಶ್ನೆ):

ನಮ್ಮ ತಂಡದ ವಿಕಿ ಇರುವುದು ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್ ಕ್ಲೌಡ್‌ನಲ್ಲಿ. ಲಾಗಿನ್ ಎಂಟ್ರಾ ಐಡಿಯಿಂದ (ಮೈಕ್ರೋಸಾಫ್ಟ್‌ನ ಬಳಕೆದಾರರ ಡೈರೆಕ್ಟರಿ), ಸ್ಯಾಮಲ್ ಎಂಬ ಲಾಗಿನ್ ವಿಧಾನದ ಮೂಲಕ. ಬಳಕೆದಾರರು ಮತ್ತು ಒಂದಷ್ಟು ಗ್ರೂಪ್‌ಗಳು ಅಲ್ಲಿಂದಲೇ ಸ್ಕಿಮ್‌ನಲ್ಲಿ (ಖಾತೆ, ಗ್ರೂಪ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಿಂಕ್ ಮಾಡುವ ಪ್ರೋಟೊಕಾಲ್) ಬರುತ್ತವೆ. ಮಿಕ್ಕ ಗ್ರೂಪ್‌ಗಳನ್ನು ವಿಕಿ ಅಡ್ಮಿನ್‌ಗಳು ಕೈಯಿಂದಲೇ ಮಾಡಿಟ್ಟಿದ್ದಾರೆ. ಈಗ ಇದನ್ನು ಐಡೆಂಟಿಟಿ ಗವರ್ನೆನ್ಸ್ ಟೂಲ್‌ಗೆ (ಯಾರಿಗೆ ಯಾವ ಆಕ್ಸೆಸ್ ಇದೆ ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್) ಜೋಡಿಸಬೇಕು: ಆಕ್ಸೆಸ್ ಅಲ್ಲಿಂದಲೇ ಕೇಳಬೇಕು, ಮೂರು ತಿಂಗಳಿಗೊಮ್ಮೆ ಮ್ಯಾನೇಜರ್‌ಗಳು ರಿವ್ಯೂ ಮಾಡಬೇಕು, ಕೆಲಸ ಬಿಟ್ಟವರ ಆಕ್ಸೆಸ್ ತಾನಾಗಿ ಹೋಗಬೇಕು.

ಟೂಲ್ ಮತ್ತು ವಿಕಿಯನ್ನು ಬೆಸೆಯುವ ಕನೆಕ್ಟರ್ ನಾವೇ ಬರೆದದ್ದು. ಮೂರು ಕಡೆ ಸಿಕ್ಕಿಕೊಂಡಿದೆ. ರಿವ್ಯೂನಲ್ಲಿ 'ತೆಗೆಯಿರಿ' ಎಂದರೆ ಕೆಲವು ಗ್ರೂಪ್‌ಗಳಿಂದ ಮಾತ್ರ ಬಳಕೆದಾರ ಹೋಗುತ್ತಾನೆ, ಕೆಲವು ಗ್ರೂಪ್‌ಗಳಲ್ಲಿ ಎರರ್. ಪ್ರತಿ ಸ್ಪೇಸಿನ (ವಿಕಿಯಲ್ಲಿ ಪುಟಗಳ ಒಂದು ವಿಭಾಗ) ಪ್ರತಿ ಅನುಮತಿಯನ್ನೂ ಎಂಟೈಟಲ್‌ಮೆಂಟ್ ಆಗಿ (ಟೂಲ್‌ನಲ್ಲಿ ಕೇಳಬಹುದಾದ, ರಿವ್ಯೂ ಮಾಡಬಹುದಾದ ಒಂದು ಹಕ್ಕು) ತಂದಿದ್ದರಿಂದ ಪಟ್ಟಿ ಸಾವಿರಗಟ್ಟಲೆ ಬೆಳೆದು, ಮ್ಯಾನೇಜರ್‌ಗಳು ಓದದೆ ಎಲ್ಲಕ್ಕೂ ಒಪ್ಪಿಗೆ ಒತ್ತುತ್ತಿದ್ದಾರೆ. ಮತ್ತೆ, ಅಗ್ರಿಗೇಷನ್‌ನಲ್ಲಿ (ಟೂಲ್ ವಿಕಿಯಿಂದ ಖಾತೆಗಳನ್ನು ಓದಿಕೊಳ್ಳುವುದು) ಬಂದ ಖಾತೆಗಳ ಸಂಖ್ಯೆ ಅಡ್ಮಿನ್ ಪುಟದ ಸಂಖ್ಯೆಗೆ ತಾಳೆಯಾಗುತ್ತಿಲ್ಲ.

ಗುಂಪುಗಾರಿಕೆ (ಉತ್ತರ):

ನಿಮ್ಮ ಮೊದಲನೆಯ ಸಮಸ್ಯೆಯೇ ಎಲ್ಲಕ್ಕೂ ಮೂಲ. ಒಂದು ಗ್ರೂಪಿಗೆ ಒಬ್ಬನೇ ಬರೆಯುವವನಿರಬೇಕು. ಸ್ಕಿಮ್‌ನಿಂದ ಬಂದ ಗ್ರೂಪ್‌ಗಳ ಸದಸ್ಯರನ್ನು ಅಟ್ಲಾಸಿಯನ್ ಕಡೆ ಬದಲಿಸಲು ಬರುವುದಿಲ್ಲ. ನಿಮ್ಮ ಎರರ್ ಅಲ್ಲಿಯದೇ. ಆ ಗ್ರೂಪ್‌ಗಳಿಗೆ ನಿಮ್ಮ ಟೂಲ್ ಎಂಟ್ರಾದಲ್ಲಿ ಬರೆಯಲಿ, ವಿಕಿಯನ್ನು ಬರೀ ಓದಲಿ. ಎಂಟ್ರಾದಲ್ಲಿ ಅದು ಡೈನಮಿಕ್ ಗ್ರೂಪ್ (ನಿಯಮದ ಪ್ರಕಾರ ಸದಸ್ಯರು ತಾವಾಗಿ ಸೇರುವಂಥದ್ದು) ಆಗಿದ್ದರೆ ಅಲ್ಲೂ ಸದಸ್ಯರನ್ನು ಕೈಯಿಂದ ಸೇರಿಸಿ ತೆಗೆಯಲಾಗದು, ನಿಯಮವನ್ನೇ ಬದಲಿಸಬೇಕು. ಅಂಥದ್ದನ್ನು ರಿಕ್ವೆಸ್ಟ್ ಪಟ್ಟಿಗೆ ಹಾಕಲೇಬೇಡಿ.

ಕೈಯಿಂದ ಮಾಡಿದ ಗ್ರೂಪ್‌ಗಳನ್ನು ಹಾಗೇ ಬಿಡುವುದು ಬೇಡ. ಎಂಟ್ರಾದಲ್ಲಿ 'ವಿಕಿ-' ಎಂದು ಶುರುವಾಗುವ ಹೊಸ ಹೆಸರಿನಲ್ಲಿ ಗ್ರೂಪ್ ಮಾಡಿ, ಹಳೆಯ ಹೆಸರನ್ನೇ ಇಟ್ಟು ಡಿಕ್ಕಿ ಹೊಡೆಸಬೇಡಿ. ಅದನ್ನು ಎಂಟ್ರಾದಲ್ಲಿ ವಿಕಿಗಾಗಿ ಇರುವ ಎಂಟರ್‌ಪ್ರೈಸ್ ಅಪ್ಲಿಕೇಶನ್‌ಗೆ ಅಸೈನ್ ಮಾಡಿ, ವಿಕಿಗೆ ಬಂದ ಮೇಲೆ ಹಳೆಯ ಗ್ರೂಪಿಗಿದ್ದ ಅನುಮತಿಗಳನ್ನೇ ಕೊಡಿ, ಸದಸ್ಯರ ಪಟ್ಟಿ ಹೋಲಿಸಿ, ಆಮೇಲೆ ಹಳೆಯದನ್ನು ಸ್ಪೇಸಿನಿಂದ ಕಿತ್ತುಹಾಕಿ. ಕಾನ್‌ಫ್ಲುಯೆನ್ಸ್‌ನಲ್ಲಿ ಅನುಮತಿಗಳು ಕೂಡುತ್ತಾ ಹೋಗುತ್ತವೆ, 'ನಿರಾಕರಣೆ' ಎಂಬುದೇ ಇಲ್ಲ. ಹಾಗಾಗಿ ಎರಡೂ ಗ್ರೂಪ್ ಒಟ್ಟಿಗಿದ್ದಾಗ ಯಾರ ಕೆಲಸವೂ ನಿಲ್ಲುವುದಿಲ್ಲ. ಒಂದೇ ಎಚ್ಚರಿಕೆ: ಎಂಟ್ರಾ ಪ್ರೊವಿಷನಿಂಗ್ (ಸ್ಕಿಮ್‌ನಲ್ಲಿ ವಿಕಿಗೆ ಕಳಿಸುವ ಕೆಲಸ) ಗ್ರೂಪಿನ ನೇರ ಸದಸ್ಯರನ್ನು ಮಾತ್ರ ಕಳಿಸುತ್ತದೆ. ಗ್ರೂಪಿನೊಳಗೆ ಗ್ರೂಪ್ ಇಟ್ಟರೆ ಒಳಗಿನವರು ವಿಕಿ ತಲುಪುವುದಿಲ್ಲ.

ಇನ್ನೊಂದು ಸಮಯದ ಲೆಕ್ಕ. ಎಂಟ್ರಾದ ಪ್ರೊವಿಷನಿಂಗ್ ಸುತ್ತು ಸುಮಾರು 40 ನಿಮಿಷಕ್ಕೊಮ್ಮೆ. ಟೂಲ್ ಆಕ್ಸೆಸ್ ತೆಗೆದ ಐದು ನಿಮಿಷಕ್ಕೇ ವಿಕಿಯನ್ನು ಓದಿದರೆ ಬಳಕೆದಾರ ಇನ್ನೂ ಅಲ್ಲೇ ಇರುತ್ತಾನೆ, ಟೂಲ್ 'ತೆಗೆದದ್ದು ವಿಫಲ' ಎಂದು ಹೊಸ ಟಿಕೆಟ್ ತೆರೆಯುತ್ತದೆ. ಪರಿಶೀಲನೆಯನ್ನು ಕನಿಷ್ಠ ಎರಡು ಗಂಟೆ ತಡ ಮಾಡಿ.

ಎಂಟೈಟಲ್‌ಮೆಂಟ್ ಎಂದರೆ ಗ್ರೂಪ್ ಮಾತ್ರ. ಒಂದು ಸ್ಪೇಸಿಗೆ ಮೂರು ಸಾಕು: ಓದುವವರು, ಬರೆಯುವವರು, ಅಡ್ಮಿನ್. ಕಾಮೆಂಟ್ ಅಳಿಸುವುದು, ಅಟ್ಯಾಚ್‌ಮೆಂಟ್ ಸೇರಿಸುವುದು ಇವೆಲ್ಲ ಗ್ರೂಪಿನ ವಿವರಣೆಯಲ್ಲಿ ಒಂದು ಸಾಲಾಗಿ ಬರಲಿ. 'ಈ ಗ್ರೂಪಿನವರು ವೇತನ ಸ್ಪೇಸಿನ ಪುಟ ತಿದ್ದಬಹುದು' ಎಂದು ಬರೆದಿದ್ದರೆ ಮ್ಯಾನೇಜರ್ ಒಂದು ಕ್ಷಣವಾದರೂ ಯೋಚಿಸುತ್ತಾನೆ.

ಪುಟಸಂಖ್ಯೆ (ಇನ್ನೊಂದು ಉತ್ತರ):

ಸಂಖ್ಯೆ ತಾಳೆಯಾಗದಿರುವುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣ ಇರುತ್ತದೆ. ಬಳಕೆದಾರರನ್ನು ಸ್ಕಿಮ್ ವಿಳಾಸದಿಂದ ಓದುತ್ತಿದ್ದೀರಾ? ಅಲ್ಲಿ ಸಿಗುವುದು ಸಿಂಕ್ ಆದವರು ಮಾತ್ರ. ಬೇರೆ ಡೊಮೇನಿನ ಇಮೇಲ್‌ಗೆ ಆಹ್ವಾನ ಕಳಿಸಿ ಸೇರಿಸಿಕೊಂಡವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ಮತ್ತು ರಿವ್ಯೂ ಮೊದಲು ಬೇಕಿರುವುದು ಅವರಿಗೇ. ಗ್ರೂಪ್ ಮತ್ತು ಸದಸ್ಯರನ್ನು ವಿಕಿಯ ರೆಸ್ಟ್ ಎಪಿಐನಿಂದ (ಪ್ರೋಗ್ರಾಂಗಳು ವಿಕಿಯನ್ನು ಮಾಹಿತಿ ಕೇಳುವ ದಾರಿ) ಓದಿ.

ಆಗ ಎಣಿಕೆಯ ಗೊಂದಲ ಶುರು. ರೆಸ್ಟ್‌ನಲ್ಲಿ ಆರಂಭದ ಸಂಖ್ಯೆ 0; ಸ್ಕಿಮ್‌ನ ಮಾನದಂಡವಾದ ಆರ್‌ಎಫ್‌ಸಿ 7644 ಪ್ರಕಾರ ಅಲ್ಲಿ 1, ಅದಕ್ಕಿಂತ ಕಡಿಮೆ ಕೊಟ್ಟರೂ 1 ಎಂದೇ ಎಣಿಕೆ. ಎರಡಕ್ಕೂ ಒಂದೇ ಲೂಪ್ ಬರೆದು ನೂರು ನೂರರಂತೆ 0, 100, 200 ಎಂದು ಕೇಳಿದರೆ ಸ್ಕಿಮ್‌ನಿಂದ ಬರುವುದು 1–100, 100–199, 200–299. ನೂರನೆಯವನು ಎರಡು ಸಲ ಬಂದ. ಒಟ್ಟು 300 ಇದ್ದರೆ ಲೂಪ್ ಅಲ್ಲಿಗೇ ನಿಂತು ಮುನ್ನೂರನೆಯವನು ಬಿಟ್ಟುಹೋದ. ಒಟ್ಟು 250 ಇದ್ದ ದಿನ ಯಾರೂ ಬಿಟ್ಟುಹೋಗುವುದಿಲ್ಲ, ಅದಕ್ಕೇ ಈ ದೋಷ ಟೆಸ್ಟಿಂಗ್‌ನಲ್ಲಿ ಸಿಗದು. ಸರ್ವರ್ ನೀವು ಕೇಳಿದ್ದಕ್ಕಿಂತ ಕಡಿಮೆ ಕೊಡಲೂಬಹುದು. ಕೇಳಿದಷ್ಟಲ್ಲ, ಬಂದಷ್ಟು ಮುಂದಕ್ಕೆ ಹೋಗಿ.

429 (ತೀರಾ ಹೆಚ್ಚು ಸಲ ಕೇಳಿದ್ದೀರಿ ಎಂಬ ಸರ್ವರಿನ ಉತ್ತರ) ಬಂದರೆ ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಕಾಯಬೇಕು. ಅದನ್ನು 'ಪಟ್ಟಿ ಮುಗಿಯಿತು' ಎಂದು ತಿಳಿಯುವ ಕನೆಕ್ಟರ್ ಉಳಿದವರೆಲ್ಲ ಅಳಿದರೆಂದು ಟೂಲ್‌ಗೆ ಹೇಳುತ್ತದೆ. ಒಂದೇ ಸಲಕ್ಕೆ ಶೇ. 10ಕ್ಕಿಂತ ಹೆಚ್ಚು ಖಾತೆ ಕಾಣೆಯಾದರೆ ಅಗ್ರಿಗೇಷನ್ ನಿಲ್ಲುವಂತೆ ಮಿತಿ ಇಡಿ.

ಖಾತೆಯ ಗುರುತಿಗೆ ಇಮೇಲ್ ನೆಚ್ಚಬೇಡಿ. ಪ್ರೈವಸಿ ಸೆಟ್ಟಿಂಗ್‌ನಿಂದಾಗಿ ವಿಕಿಯ ಎಪಿಐ ಅದನ್ನು ಖಾಲಿ ಕೊಡಬಹುದು. ಅಕೌಂಟ್ ಐಡಿಯನ್ನೇ ಮೂಲ ಗುರುತಾಗಿಡಿ. ಇಮೇಲ್ ಮೊದಲ ಜೋಡಣೆಗೆ ಮಾತ್ರ.

ಕೀಲಿಕೈ:

ಎರಡಕ್ಕೂ ಲೂಪ್ ಒಂದೇ ಇದೆ, ಬೇರೆ ಮಾಡುತ್ತೇವೆ. ಸ್ಪೇಸ್ ಅಡ್ಮಿನ್‌ಗಳು ಗ್ರೂಪ್ ಬಿಟ್ಟು ನೇರ ವ್ಯಕ್ತಿಗೇ ಅನುಮತಿ ಕೊಟ್ಟರೆ? ಪುಟದ ಮಟ್ಟದ ನಿರ್ಬಂಧಗಳನ್ನೂ ರಿವ್ಯೂಗೆ ತರಬೇಕೆ?

ಗುಂಪುಗಾರಿಕೆ:

ಪುಟದ ನಿರ್ಬಂಧ ಬೇಡ. ಅದು ಆಕ್ಸೆಸ್ ಕುಗ್ಗಿಸಬಲ್ಲದೇ ಹೊರತು ಸ್ಪೇಸಿಗೆ ಅನುಮತಿ ಇಲ್ಲದವನನ್ನು ಒಳಗೆ ಬಿಡದು. ನೋಡುವ ನಿರ್ಬಂಧ ಕೆಳಗಿನ ಪುಟಗಳಿಗೂ ಇಳಿಯುತ್ತದೆ, ತಿದ್ದುವ ನಿರ್ಬಂಧ ಇಳಿಯುವುದಿಲ್ಲ. ಇದನ್ನೆಲ್ಲ ಮ್ಯಾನೇಜರ್‌ಗೆ ತೋರಿಸಿ ಲಾಭವಿಲ್ಲ. ಅದರ ಬದಲು ಅನಾಮಧೇಯ ಆಕ್ಸೆಸ್ ಮತ್ತು ಪಬ್ಲಿಕ್ ಲಿಂಕ್ ಎಲ್ಲೆಲ್ಲಿ ತೆರೆದಿವೆ ನೋಡಿ. ಅವೆರಡೂ ನಿಮ್ಮ ಗ್ರೂಪ್‌ಗಳ ಹಂಗಿಲ್ಲದೆ ಬಾಗಿಲು ತೆರೆಯುತ್ತವೆ.

ನೇರ ಅನುಮತಿಗಳನ್ನು ದಿನಾ ರಾತ್ರಿ ಓದಿ ವರದಿ ಮಾಡಿ, ತಾನಾಗಿ ಕೀಳಬೇಡಿ. ಸ್ಪೇಸ್ ಸೃಷ್ಟಿಸಿದವನಿಗೆ ಅಡ್ಮಿನ್ ಹಕ್ಕು ವೈಯಕ್ತಿಕವಾಗಿಯೇ ಸಿಗುತ್ತದೆ; ಅವನೊಬ್ಬನೇ ಅಡ್ಮಿನ್ ಆಗಿದ್ದರೆ ಕಿತ್ತ ಕೂಡಲೇ ಸ್ಪೇಸ್ ಅನಾಥ. ಮೊದಲು ಅಡ್ಮಿನ್ ಗ್ರೂಪ್ ಸೇರಿಸಿ. ಕನೆಕ್ಟರ್ ಓದಲು ಬಳಸುವ ಸರ್ವಿಸ್ ಖಾತೆಗೆ ಪ್ರತಿ ಸ್ಪೇಸಿನಲ್ಲೂ ನೋಡುವ ಅನುಮತಿ ಇದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಆ ಸ್ಪೇಸ್ ಎರರ್ ಇಲ್ಲದೆ ಪಟ್ಟಿಯಿಂದ ಮಾಯವಾಗಿರುತ್ತದೆ, ವರದಿ ನೋಡಲು ಸ್ವಚ್ಛವಾಗಿರುತ್ತದೆ.

ಪುಟಸಂಖ್ಯೆ:

ಕೆಲಸ ಬಿಟ್ಟವರ ಬಗ್ಗೆ: ಅಟ್ಲಾಸಿಯನ್ ಖಾತೆ ನಿಷ್ಕ್ರಿಯಗೊಳಿಸಿ, ಅಳಿಸಬೇಡಿ. ಅಳಿಸಿದರೆ 14 ದಿನದ ಗಡುವಿನ ನಂತರ ಹಳೆಯ ಪುಟಗಳಲ್ಲಿ ಬರೆದವರ ಹೆಸರೂ ಹೋಗುತ್ತದೆ. ಎಂಟ್ರಾದಲ್ಲಿ ಬಳಕೆದಾರನನ್ನು ಅಳಿಸಿದರೆ ಮೊದಲು ನಿಷ್ಕ್ರಿಯ ಸಂದೇಶ, 30 ದಿನದ ಬಳಿಕ ಅಳಿಸುವ ಸಂದೇಶ ಸ್ಕಿಮ್‌ಗೆ ಹೋಗುತ್ತದೆ. ಎರಡನೆಯದು ಬೇಡವಾದರೆ ಎಂಟ್ರಾದ ಆಟ್ರಿಬ್ಯೂಟ್ ಮ್ಯಾಪಿಂಗ್‌ನಲ್ಲಿ ಡಿಲೀಟ್ ಆಯ್ಕೆಯ ಟಿಕ್ ತೆಗೆಯಿರಿ. ಬೇರೆ ಡೊಮೇನಿನವರಿಗೆ ಈ ದಾರಿಯೇ ಇಲ್ಲ. ಅವರನ್ನು ವಿಕಿಯ ಸೈಟ್‌ನಿಂದಲೇ ತೆಗೆಯಬೇಕು. ಅವರ ಪ್ರತಿ ಖಾತೆಗೂ ಸಂಸ್ಥೆಯೊಳಗಿನ ಒಬ್ಬರನ್ನು ಹೊಣೆಗಾರರನ್ನಾಗಿ ಟೂಲ್‌ನಲ್ಲಿ ನಮೂದಿಸಿ, ರಿವ್ಯೂ ಅವರಿಗೇ ಹೋಗಲಿ.